ಜನನ ಪತ್ರದ ಮೇಲಿನ ಕ್ಯೂಆರ್ ಕೋಡ್ ಏನನ್ನು ರುಜುವಾತು ಮಾಡುತ್ತದೆ

ಆಳಂದ ತಾಲ್ಲೂಕಿನ ಹೆಣ್ಣುಮಗಳು ಸೋಲಾಪುರದ ಆಸ್ಪತ್ರೆಯಲ್ಲಿ ಹೆತ್ತರೆ ಆ ಜನನ ಸೋಲಾಪುರದಲ್ಲೇ ನೋಂದಣಿಯಾಗಬೇಕು. ಸೇಡಂನ ಸೊಸೆ ಬಾಣಂತನಕ್ಕೆಂದು ತಾಂಡೂರಿನ ತವರಿಗೆ ಹೋಗಿದ್ದರೆ ದಾಖಲೆ ತೆಲಂಗಾಣದ್ದು. ಸುರಪುರದಿಂದ ಬೆಂಗಳೂರಿಗೆ ಗೌಂಡಿ ಕೆಲಸಕ್ಕೆ ಹೋದವರ ಕೂಸು ಬೆಂಗಳೂರಿನ ಪುಸ್ತಕಕ್ಕೆ ಸೇರುತ್ತದೆ. ಕಾನೂನು ಕೇಳುವುದು ಮಗು ಎಲ್ಲಿ ಹುಟ್ಟಿತು ಎಂದು. ತಂದೆ-ತಾಯಿ ಯಾವ ಊರಿನವರು ಎಂಬುದು ವಿಳಾಸದ ಕಾಲಮ್ಮಿಗೆ ಮಾತ್ರ. ಮುಂದೆ ಈ ಮಕ್ಕಳು ತಮ್ಮೂರಿನ ಶಾಲೆಗೆ ಬಂದಾಗ ಮುಖ್ಯ ಶಿಕ್ಷಕರ ಮೇಜಿಗೆ ಮೂರು ರಾಜ್ಯಗಳ ಮೂರು ನಮೂನೆಯ ಕಾಗದ ಬರುತ್ತದೆ. ಭಾಷೆ ಬೇರೆ, ಅಚ್ಚು ಬೇರೆ, ಸಾಮಾನ್ಯವಾಗಿ ಮೂಲೆಯಲ್ಲೊಂದು ಕ್ಯೂಆರ್. ಫೋನ್ ಹಿಡಿದರೆ ಏನೋ ಒಂದು ತೆರೆದುಕೊಳ್ಳುತ್ತದೆ. ತೆರೆದುಕೊಂಡಿತು ಎಂದಮಾತ್ರಕ್ಕೆ ಕಾಗದ ಖರೆ ಎಂದು ಒಪ್ಪಬಹುದೇ?

ಈ ಪ್ರಶ್ನೆಗೆ ಈಗ ತೂಕ ಹೆಚ್ಚು. ಜನನ ಮತ್ತು ಮರಣ ನೋಂದಣಿ ಕಾಯ್ದೆ 1969ರದು. 2023ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು, ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಆ ದಿನ ಅಥವಾ ಆನಂತರ ಹುಟ್ಟಿದವರ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಪುರಾವೆ: ಶಾಲೆಗೆ ಸೇರಲು, ಚಾಲನಾ ಪರವಾನಗಿಗೆ, ಮತದಾರರ ಪಟ್ಟಿಗೆ, ಮದುವೆ ನೋಂದಣಿಗೆ, ಸರ್ಕಾರಿ ನೌಕರಿಗೆ, ಪಾಸ್‌ಪೋರ್ಟಿಗೆ, ಆಧಾರ್‌ಗೆ. ಹಿಂದಿನವರು ಟಿ.ಸಿ. ತೋರಿಸಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೋರಿಸಿ ದಾಟಿಬಿಡುತ್ತಿದ್ದರು. ಈಗಿನ ಕೂಸುಗಳಿಗೆ ಆ ದಾರಿ ಇಲ್ಲ. ಅದೇ ತಿದ್ದುಪಡಿ ಇನ್ನೊಂದು ಮಾತನ್ನೂ ಹೇಳಿದೆ: ನೋಂದಣಿ ಮುಗಿದ 7 ದಿನದೊಳಗೆ, ಮಾಹಿತಿ ಕೊಟ್ಟವರಿಗೆ ಪ್ರಮಾಣಪತ್ರವನ್ನು ಉಚಿತವಾಗಿ, ಎಲೆಕ್ಟ್ರಾನಿಕ್ ರೂಪದಲ್ಲಿ ಅಥವಾ ಬೇರೆ ರೀತಿಯಲ್ಲಿ ಕೊಡಬೇಕು. ಹಾಗಾಗಿ ಫೋನಿಗೆ ಬರುವ ಪಿಡಿಎಫ್ ಕೂಡ ಕಾನೂನಿನ ಕಣ್ಣಲ್ಲಿ ಪೂರ್ಣ ಪ್ರಮಾಣಪತ್ರವೇ.

ಪುಸ್ತಕ ಮೊದಲು, ಪತ್ರ ಆಮೇಲೆ

ಜನನ ಪತ್ರ ಸ್ವತಃ ಮೂಲ ದಾಖಲೆಯಲ್ಲ, ನೋಂದಣಿ ಪುಸ್ತಕದಿಂದ ತೆಗೆದ ಉತಾರ. ಆಸ್ಪತ್ರೆಯಲ್ಲಾದರೆ ಅಲ್ಲಿನ ವೈದ್ಯಾಧಿಕಾರಿ, ಮನೆಯಲ್ಲಾದರೆ ಮನೆಯ ಯಜಮಾನ 21 ದಿನದೊಳಗೆ ನಮೂನೆ 1ರಲ್ಲಿ ವರದಿ ಕೊಡಬೇಕು. ಆ ನಮೂನೆಯಲ್ಲಿ ಎರಡು ಭಾಗ. ಕಾನೂನು ಭಾಗದಲ್ಲಿ ಹುಟ್ಟಿದ ದಿನ, ಲಿಂಗ, ಹೆಸರು, ತಂದೆ-ತಾಯಿ, ಸ್ಥಳ, ವಿಳಾಸ ಇರುತ್ತವೆ. ಸಾಂಖ್ಯಿಕ ಭಾಗದಲ್ಲಿ ತಾಯಿಯ ಓದು, ಮದುವೆಯಾದಾಗಿನ ವಯಸ್ಸು, ಹೆರಿಗೆಯ ಬಗೆ, ಮಗುವಿನ ತೂಕ. ಮೊದಲ ಭಾಗ ನಮೂನೆ 7ರ ಜನನ ನೋಂದಣಿ ಪುಸ್ತಕವಾಗುತ್ತದೆ, ಎರಡನೆಯದು ಅಂಕಿ-ಅಂಶಕ್ಕೆ ಹೋಗುತ್ತದೆ. ಪುಸ್ತಕದ ಆ ಸಾಲಿನ ಉತಾರವೇ ನಮೂನೆ 5, ಅಂದರೆ ನಮ್ಮ ಕೈಗೆ ಬರುವ ಜನನ ಪ್ರಮಾಣಪತ್ರ. ಕರ್ನಾಟಕದಲ್ಲಿ ಇದೆಲ್ಲ ಇ-ಜನ್ಮ ತಂತ್ರಾಂಶದ ಮೂಲಕ ನಡೆಯುತ್ತದೆ. ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ನಿರ್ದೇಶಕರೇ ರಾಜ್ಯದ ಮುಖ್ಯ ನೋಂದಣಾಧಿಕಾರಿ.

ಡಿಜಿಟಲ್ ರೂಪದಲ್ಲಿ ಕೊಡುವುದು ಎಂದರೆ ಈ ಉತಾರಕ್ಕೆ ಡಿಜಿಟಲ್ ಸಹಿ ಹಾಕಿ ಕೊಡುವುದು. ಆ ಸಹಿ ಹೇಳುವುದು ಎರಡೇ ಮಾತು. ಇದನ್ನು ಕೊಟ್ಟದ್ದು ಇಂಥ ಅಧಿಕಾರಿಯ ಕೀಲಿ. ಕೊಟ್ಟ ಮೇಲೆ ಒಂದಕ್ಷರವೂ ಬದಲಾಗಿಲ್ಲ. ತಾಯಿಯ ಹೆಸರು ಸರಿಯಾಗಿದೆಯೇ, ದಿನಾಂಕ ಸರಿಯಾಗಿದೆಯೇ ಎಂಬುದು ಸಹಿಗೆ ಗೊತ್ತಿಲ್ಲ. ಪುಸ್ತಕದಲ್ಲಿ ತಪ್ಪಿದ್ದರೆ ಆ ತಪ್ಪಿಗೂ ಅಷ್ಟೇ ಗಟ್ಟಿ ಸಹಿ ಬೀಳುತ್ತದೆ.

ಅದಕ್ಕೇ ಅರ್ಧ ಕೆಲಸ ಹೆರಿಗೆ ವಾರ್ಡಿನಲ್ಲೇ ಮುಗಿದಿರಬೇಕು. ನಮ್ಮ ಕಡೆ ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ರೂಢಿ ಇನ್ನೂ ಹಲವು ಮನೆಗಳಲ್ಲಿದೆ. ಆಧಾರ್ ತವರಿನ ಹೆಸರಲ್ಲಿ, ತಾಯಿ ಕಾರ್ಡ್ ಗಂಡನ ಮನೆಯ ಹೆಸರಲ್ಲಿ. ಆಸ್ಪತ್ರೆಯವರು ತಾಯಿ ಕಾರ್ಡ್ ನೋಡಿ ಬರೆದುಕೊಂಡರೆ ಮಗುವಿನ ದಾಖಲೆಯಲ್ಲಿ ತಾಯಿ ಬೇರೆಯೇ ಹೆಂಗಸಾಗುತ್ತಾಳೆ. ಇಂಗ್ಲಿಷ್ ಕಾಗುಣಿತದ ಗೋಳು ಇನ್ನೊಂದು: ಶರಣಪ್ಪನನ್ನು ನಾಲ್ಕು ತರಹ ಬರೆಯಬಹುದು, ಮಲ್ಲಿಕಾರ್ಜುನನ ಕೊನೆಗೆ ಒಂದು ‘ಎ’ ಹಾಕುವವರೂ ಇದ್ದಾರೆ, ಬಿಡುವವರೂ ಇದ್ದಾರೆ, ಖಾಜಾ ಎಂಬುದಕ್ಕೆ ಒಬ್ಬೊಬ್ಬ ಗುಮಾಸ್ತನದು ಒಂದೊಂದು ಕಾಗುಣಿತ. ಅಡ್ಡಹೆಸರು ಹಿಂದೆ ಬರಬೇಕೋ ಮುಂದೆ ಬರಬೇಕೋ ಎಂಬುದೂ ಇದೆ. ಡಿಸ್ಚಾರ್ಜ್ ಆಗುವ ಮೊದಲು ತಾಯಿಯ ಆಧಾರ್, ತಂದೆಯ ಆಧಾರ್ ಎರಡನ್ನೂ ಮುಂದಿಟ್ಟುಕೊಂಡು, ನಮೂನೆ 1ರ ಕನ್ನಡ ಮತ್ತು ಇಂಗ್ಲಿಷ್ ಕಾಲಮ್ಮುಗಳನ್ನು ಒಂದೊಂದೇ ಅಕ್ಷರ ಓದಿಸಿ ನೋಡಬೇಕು. ನಡುರಾತ್ರಿಯ ಆಚೀಚೆ ಹೆರಿಗೆಯಾಗಿದ್ದರೆ ದಿನಾಂಕವನ್ನು ಮತ್ತೊಮ್ಮೆ ಕೇಳಬೇಕು. ಹತ್ತು ನಿಮಿಷದ ಈ ಕೆಲಸ ಮುಂದಿನ ಹತ್ತು ಅಲೆದಾಟ ತಪ್ಪಿಸುತ್ತದೆ.

ಮಗುವಿನ ಹೆಸರಿನ ಕಾಲಮ್ ಆಗ ಖಾಲಿ ಇದ್ದರೆ ಗಾಬರಿ ಬೇಡ. ತೊಟ್ಟಿಲಿಗೆ ಹಾಕುವ ಮುಂಚೆ ಹೆಸರು ಎಲ್ಲಿಂದ ತರುವುದು? ಹೆಸರಿಲ್ಲದೆಯೇ ನೋಂದಣಿ ಮಾಡಬಹುದು. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಆದರೆ ಹೆಸರಿಲ್ಲದ ಮೊದಲ ಪಿಡಿಎಫ್ ಅನ್ನು ಡೌನ್‌ಲೋಡ್ ಮಾಡಿಟ್ಟುಕೊಂಡವರು ಹೆಸರು ಸೇರಿದ ಮೇಲೆ ಹೊಸದನ್ನು ತೆಗೆದುಕೊಳ್ಳಲೇಬೇಕು. ಹಳೆಯ ಫೈಲು ತಾನಾಗಿ ಬದಲಾಗುವುದಿಲ್ಲ.

ತಡವಾದರೆ ದಾರಿ ಕಡಿದಾಗುತ್ತ ಹೋಗುತ್ತದೆ. 21ರಿಂದ 30 ದಿನದವರೆಗೆ ವಿಳಂಬ ಶುಲ್ಕ ಸಾಕು. 30 ದಿನ ದಾಟಿ ಒಂದು ವರ್ಷದೊಳಗಾದರೆ ಜಿಲ್ಲಾ ನೋಂದಣಾಧಿಕಾರಿ ಅಥವಾ ಅಧಿಕಾರ ಪಡೆದ ಪ್ರಾಧಿಕಾರದ ಲಿಖಿತ ಅನುಮತಿ ಬೇಕು. ವರ್ಷ ಮೀರಿದರೆ ದಂಡಾಧಿಕಾರಿಯ ಆದೇಶ. ಮೊದಲು ಇದಕ್ಕೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಬಳಿ ಹೋಗಬೇಕಿತ್ತು, 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಕೊಟ್ಟಿದೆ.

ಸಹಿ ಉಳಿಯುವುದು ಎಲ್ಲಿ, ಅಳಿಯುವುದು ಎಲ್ಲಿ

ಸಹಿ ಹಾಕುವಾಗ ಕಂಪ್ಯೂಟರ್ ಮೊದಲು ಇಡೀ ದಾಖಲೆಯನ್ನು ಒಂದು ಲೆಕ್ಕಕ್ಕೆ ಹಾಕಿ 256 ಬಿಟ್‌ಗಳ ಒಂದು ಸಾರಸಂಖ್ಯೆ ತೆಗೆಯುತ್ತದೆ. ದಾಖಲೆಯಲ್ಲಿ ಒಂದು ಚುಕ್ಕೆ ಬದಲಾದರೂ ಈ ಸಂಖ್ಯೆ ಗುರುತು ಸಿಗದಷ್ಟು ಬದಲಾಗುತ್ತದೆ. ಅಧಿಕಾರಿಯ ಖಾಸಗಿ ಕೀಲಿಯಿಂದ ಆ ಸಂಖ್ಯೆಗೆ ಸಹಿ ಬೀಳುತ್ತದೆ. ಖಾಸಗಿ ಕೀಲಿ ಯುಎಸ್‌ಬಿ ಟೋಕನ್ನಿನಲ್ಲೋ ಸರ್ವರ್‌ನ ಭದ್ರ ಪೆಟ್ಟಿಗೆಯಲ್ಲೋ ಇರುತ್ತದೆ. ಅದರ ಜೋಡಿಯಾದ ಸಾರ್ವಜನಿಕ ಕೀಲಿ ಯಾರಿಗೆ ಬೇಕಾದರೂ ಸಿಗುತ್ತದೆ, ಪರಿಶೀಲನೆಗೆ ಅದು ಸಾಕು. ಲಕ್ಕೋಟೆಯ ಅರಗಿನ ಮುದ್ರೆಯ ಹಾಗೆ, ಒಡೆದರೆ ಗೊತ್ತಾಗುತ್ತದೆ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆ ಇಂಥ ಸಹಿಗೆ ಕೈಬರಹದ ಸಹಿಯ ಮಾನ್ಯತೆ ಕೊಟ್ಟಿದೆ.

ತೊಡಕು ಶುರುವಾಗುವುದು ಫೈಲು ಕೈಯಿಂದ ಕೈಗೆ ಹೋಗುವಾಗ. ಪಿಡಿಎಫ್ ಅನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಸಹಿ ಹಾಗೇ ಇರುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ ಉಳಿಯುವುದು ಚಿತ್ರ ಮಾತ್ರ. ಇನ್ನೂ ಸಾಮಾನ್ಯವಾಗಿ ಕೆಡುವುದು ಸೈಬರ್ ಸೆಂಟರಿನಲ್ಲಿ: ಅರ್ಜಿಯ ಜಾಲತಾಣ ಸಣ್ಣ ಫೈಲು ಕೇಳುತ್ತದೆ, ಹುಡುಗ ಅದನ್ನು ಕಂಪ್ರೆಸ್ ಮಾಡುತ್ತಾನೆ, ಇಲ್ಲವೇ ‘ಪ್ರಿಂಟ್ ಟು ಪಿಡಿಎಫ್’ ಒತ್ತುತ್ತಾನೆ, ಅಲ್ಲಿಗೆ ಸಹಿ ಮುಗಿಯಿತು. ನೋಡಲು ಕಾಗದ ಮೊದಲಿನಂತೆಯೇ ಇರುತ್ತದೆ, ಅದೇ ಮೋಸ. ಮೂಲ ಫೈಲನ್ನು ಮುಟ್ಟದೆ ಬೇರೆ ಇಟ್ಟು, ನಕಲನ್ನು ಮಾತ್ರ ಕುಗ್ಗಿಸಬೇಕು. ಜೆರಾಕ್ಸ್‌ಗೂ ಪ್ರಿಂಟ್‌ಗೂ ಇದೇ ಮಾತು: ಕಾಗದಕ್ಕೆ ಬಂದಮೇಲೆ ಸಹಿಯ ಜಾಗದಲ್ಲಿ ಕಾಣುವುದು ಬರೀ ಅಕ್ಷರ, ಪರಿಶೀಲಿಸಲು ಉಳಿಯುವುದು ಕ್ಯೂಆರ್ ಮತ್ತು ನೋಂದಣಿ ಸಂಖ್ಯೆ.

ಪಿಡಿಎಫ್‌ನ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಕಾಗದ ಖೋಟಾ ಎಂದು ತಿರುಗಿಸಿ ಕಳಿಸುವವರಿದ್ದಾರೆ. ಬಹುತೇಕ ಸಲ ಅದರ ಅರ್ಥ ಇಷ್ಟೇ: ಭಾರತದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರ ಮೂಲ ಪ್ರಮಾಣಪತ್ರವನ್ನು, ಅಂದರೆ ‘ಸಿಸಿಎ ಇಂಡಿಯಾ’ ರೂಟ್ ಸರ್ಟಿಫಿಕೇಟನ್ನು, ಆ ಕಂಪ್ಯೂಟರು ನಂಬುವ ಪಟ್ಟಿಯಲ್ಲಿ ಸೇರಿಸಿಲ್ಲ. ಅಡೋಬಿ ರೀಡರಿನಲ್ಲಿ ಸಹಿಯ ಮೇಲೆ ಒತ್ತಿ, ಸಿಗ್ನೇಚರ್ ಪ್ರಾಪರ್ಟೀಸ್‌ಗೆ ಹೋಗಿ, ಸಹಿ ಮಾಡಿದವರ ಸರ್ಟಿಫಿಕೇಟ್ ತೆರೆದರೆ ಎಡಗಡೆ ಒಂದು ಸರಪಳಿ ಕಾಣುತ್ತದೆ. ತುದಿಯಲ್ಲಿರುವ ‘ಸಿಸಿಎ ಇಂಡಿಯಾ’ವನ್ನು ಆರಿಸಿ, ಅದನ್ನು ಮಾತ್ರ ಟ್ರಸ್ಟ್ ಪಟ್ಟಿಗೆ ಸೇರಿಸಬೇಕು. ಎಷ್ಟೋ ಕಚೇರಿಗಳಲ್ಲಿ ಅವಸರಕ್ಕೆ ಕೆಳಗಿನ ಅಧಿಕಾರಿಯ ಸರ್ಟಿಫಿಕೇಟನ್ನೇ ಸೇರಿಸಿಬಿಡುತ್ತಾರೆ. ಆಗ ಹಸಿರು ಗುರುತು ಬರುತ್ತದೆ, ನಿಜ. ಆದರೆ ಯಾರೋ ಮನೆಯಲ್ಲಿ ಕುಳಿತು ತಾವೇ ಸೃಷ್ಟಿಸಿಕೊಂಡ ಸರ್ಟಿಫಿಕೇಟಿನಿಂದ ಸಹಿ ಮಾಡಿದ್ದರೂ ಹೀಗೆ ಸೇರಿಸಿದರೆ ಹಸಿರೇ ಬರುತ್ತದೆ. ಸರಪಳಿಯ ತುದಿಯಲ್ಲಿ ‘ಸಿಸಿಎ ಇಂಡಿಯಾ’ ಇಲ್ಲದಿದ್ದರೆ ಅಲ್ಲೇ ನಿಲ್ಲಬೇಕು. ಆ ಹೆಸರಿನ ನಕಲಿಯೂ ಇರಬಹುದು, ಹಾಗಾಗಿ ಮೂಲ ಪ್ರಮಾಣಪತ್ರವನ್ನು ನಿಯಂತ್ರಕರ ಜಾಲತಾಣದಿಂದಲೇ ಒಂದು ಸಲ ತಂದು ಹಾಕಿಟ್ಟುಕೊಳ್ಳುವುದು ಎಲ್ಲಕ್ಕಿಂತ ಕ್ಷೇಮ. ಇನ್ನು ಫೋನಿನ ವಾಟ್ಸಾಪ್ ಮುನ್ನೋಟ, ಬ್ರೌಸರು ಸಾಮಾನ್ಯವಾಗಿ ಸಹಿಯನ್ನು ಪರೀಕ್ಷಿಸುವುದೇ ಇಲ್ಲ. ಅಲ್ಲಿ ಕಾಣುವ ಗುರುತನ್ನು ನಂಬಿ ನಿರ್ಧಾರ ಮಾಡಬಾರದು.

ಮೂರು ಬಗೆಯ ಕ್ಯೂಆರ್

ಹೊರಗಿಂದ ನೋಡಲು ಎಲ್ಲ ಕ್ಯೂಆರೂ ಒಂದೇ. ಸಾದಾ ಸ್ಕ್ಯಾನರ್ ಆ್ಯಪಿನಿಂದ ಓದಿಸಿದರೆ ಬಗೆ ತಿಳಿಯುತ್ತದೆ.

ಹೆಸರು, ದಿನಾಂಕ, ನೋಂದಣಿ ಸಂಖ್ಯೆ ಬರೀ ಅಕ್ಷರಗಳಾಗಿ ಬಂದರೆ ಆ ಕ್ಯೂಆರಿಗೆ ಬೆಲೆಯಿಲ್ಲ. ಉಚಿತ ಜಾಲತಾಣದಲ್ಲಿ ಯಾರು ಬೇಕಾದರೂ ಎರಡು ನಿಮಿಷದಲ್ಲಿ ಅಂಥದನ್ನು ಮಾಡಬಹುದು.

ಜಾಲತಾಣದ ಕೊಂಡಿ ಬಂದರೆ ಪರಿಶೀಲನೆಯ ಭಾರವೆಲ್ಲ ಆ ವಿಳಾಸದ ಮೇಲೆ. ನೋಡಬೇಕಾದ್ದು ಆರಂಭದ ‘https://’ ದಾಟಿದ ಮೇಲಿನ ಮೊದಲ ಓರೆಗೆರೆಗೆ ಮುಂಚೆ ಬರುವ ಹೆಸರಿನ ಕೊನೆಯ ತುಂಡನ್ನು. ಅದು ‘ಡಾಟ್ ಜಿಒವಿ ಡಾಟ್ ಐಎನ್’ ಅಥವಾ ‘ಡಾಟ್ ಎನ್‌ಐಸಿ ಡಾಟ್ ಐಎನ್’ ಆಗಿರಬೇಕು. ನಡುವೆ ಎಲ್ಲೋ ‘ಜಿಒವಿ’ ಇದ್ದು ಕೊನೆಗೆ ಬರೀ ‘ಡಾಟ್ ಐಎನ್’, ‘ಡಾಟ್ ಕಾಮ್’, ‘ಡಾಟ್ ಕೋ’ ಎಂದಿದ್ದರೆ ಅದು ಸರ್ಕಾರದ್ದಲ್ಲ. ಕೇಂದ್ರದ ನಾಗರಿಕ ನೋಂದಣಿ ಜಾಲತಾಣವನ್ನೇ ಹೋಲುವ ನಕಲಿ ತಾಣಗಳು ಹಿಂದೆ ಪತ್ತೆಯಾಗಿವೆ. ಅಲ್ಲಿ ಪುಟ ಚಂದವಾಗಿ ತೆರೆಯುತ್ತದೆ, ‘ಪರಿಶೀಲಿಸಲಾಗಿದೆ’ ಎಂದು ಹಸಿರಲ್ಲಿ ಬರೆದಿರುತ್ತದೆ, ಎಲ್ಲವೂ ಆ ಖೋಟಾಗಾರರೇ ಬರೆದದ್ದು. ಅನುಮಾನ ಬಂದರೆ ಕ್ಯೂಆರ್ ಬಿಟ್ಟು, ಇ-ಜನ್ಮದ ಅಥವಾ ಆಯಾ ರಾಜ್ಯದ ಅಧಿಕೃತ ತಾಣದ ವಿಳಾಸವನ್ನು ಕೈಯಾರೆ ಬರೆದು, ನೋಂದಣಿ ಸಂಖ್ಯೆ ಹಾಕಿ ನೋಡಬೇಕು.

ಮೂರನೆಯ ಬಗೆಯದನ್ನು ಸಾದಾ ಸ್ಕ್ಯಾನರಿನಿಂದ ಓದಿದರೆ ಅರ್ಥವಾಗದ ಉದ್ದನೆಯ ಅಕ್ಷರ-ಅಂಕಿಗಳ ಸರ ಬರುತ್ತದೆ. ದಾಖಲೆಯ ವಿವರವೂ ಅದರ ಸಹಿಯೂ ಆ ಚೌಕದೊಳಗೇ ಇರುತ್ತವೆ. ಆಧಾರ್ ಪತ್ರದ ಸುರಕ್ಷಿತ ಕ್ಯೂಆರ್ ಈ ಜಾತಿಯದು. ಕೋವಿಡ್ ಲಸಿಕೆಯ ಕೋವಿನ್ ಪ್ರಮಾಣಪತ್ರವೂ ಇದೇ ಜಾತಿಯದು. ಅದನ್ನು ಕಟ್ಟಿದ್ದು ವೆರಿಫೈಯಬಲ್ ಕ್ರೆಡೆನ್ಶಿಯಲ್ (ಪರಿಶೀಲಿಸಬಹುದಾದ, ಸಹಿಯುಳ್ಳ ಡಿಜಿಟಲ್ ಪ್ರಮಾಣಪತ್ರ) ಎಂಬ ಅಂತರರಾಷ್ಟ್ರೀಯ ನಮೂನೆಯ ಮೇಲೆ. ಜಾಲತಾಣಗಳ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಆ ನಮೂನೆಯ ಮೊದಲ ಆವೃತ್ತಿಯನ್ನು 2019ರಲ್ಲಿ, ಎರಡನೆಯದನ್ನು 2025ರಲ್ಲಿ ಹೊರತಂದಿತು. ಇಂಥ ಕ್ಯೂಆರ್ ಓದಲು ಇಂಟರ್ನೆಟ್ ಬೇಡ. ನೀಡಿದವರ ಸಾರ್ವಜನಿಕ ಕೀಲಿ ಒಮ್ಮೆ ಆ್ಯಪಿನೊಳಗೆ ಇಳಿದಿದ್ದರೆ ಸಾಕು. ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಿನ ತಾಂಡಾ ಶಾಲೆಯಲ್ಲಿ ಸಿಗ್ನಲ್ ಇಲ್ಲದ ಹೊತ್ತಿನಲ್ಲೂ ದಾಖಲೆ ಖರೆಯೋ ಖೋಟಾವೋ ಎಂದು ಹೇಳಬಹುದು.

ಆದರೆ ಆ ಚೌಕದಲ್ಲಿ ಜಾಗ ಕಡಿಮೆ, ಅದರಲ್ಲೂ ಕನ್ನಡಕ್ಕೆ. ಯೂನಿಕೋಡಿನ ಸಾಮಾನ್ಯ ಬರವಣಿಗೆಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. ‘ಶರಣಬಸಪ್ಪ’ ಎಂಬಲ್ಲಿ ಒತ್ತಿನ ವಿರಾಮ ಚಿಹ್ನೆಯೂ ಸೇರಿ 8 ಚಿಹ್ನೆಗಳು, ಹಾಗಾಗಿ 24 ಬೈಟ್. ಇಂಗ್ಲಿಷಿನಲ್ಲಿ ಅದೇ ಹೆಸರು 14. ಮಗು, ತಾಯಿ, ತಂದೆ ಮೂವರ ಹೆಸರು ಎರಡೂ ಭಾಷೆಯಲ್ಲಿ, ಸ್ಥಳ, ವಿಳಾಸ, ಸಂಖ್ಯೆ ಎಲ್ಲ ಸೇರಿದರೆ ಕೆಲವು ನೂರು ಬೈಟ್. ಮೇಲೆ ಸಹಿ: ಆರ್‌ಎಸ್‌ಎ 2048 ಬಗೆಯದಾದರೆ 256 ಬೈಟ್, ದೀರ್ಘವೃತ್ತ ವಕ್ರರೇಖೆಯ ಪಿ-256 ಬಗೆಯದಾದರೆ 64. ಕ್ಯೂಆರ್‌ನ ಗರಿಷ್ಠ ಸಾಮರ್ಥ್ಯ 2,953 ಬೈಟ್ ಇದ್ದರೂ ಅಷ್ಟು ತುಂಬಿದ ಚೌಕವನ್ನು ಸಾದಾ ಫೋನು ಓದಲಾರದು. 20ನೇ ಆವೃತ್ತಿಯ, ಸುಮಾರು ಶೇ 15 ಹಾನಿ ತಡೆಯುವ ಮಟ್ಟದ ಕ್ಯೂಆರ್‌ನಲ್ಲಿ 666 ಬೈಟ್ ಹಿಡಿಯುತ್ತದೆ, 97 ಸಾಲು 97 ಕಂಬ. ಒಂದು ಚುಕ್ಕೆಗೆ 0.4 ಮಿಲಿಮೀಟರ್ ಕೊಟ್ಟರೆ ಚೌಕ ಸುಮಾರು 4 ಸೆಂಟಿಮೀಟರ್ ಆಗುತ್ತದೆ, ಸುತ್ತಲಿನ ಬಿಳಿ ಅಂಚು ಬೇರೆ. ಅದಕ್ಕಿಂತ ಚಿಕ್ಕದಾಗಿ ಅಚ್ಚು ಹಾಕಿ, ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಹೊಳೆಯುವ ಲ್ಯಾಮಿನೇಷನ್ ಮಾಡಿಸಿದರೆ ಬೆಳಕು ಚೆಲ್ಲಿ ಕ್ಯಾಮೆರಾ ಸೋಲುತ್ತದೆ. ಮಡಿಕೆ ಚೌಕದ ಮೇಲೆ ಹಾಯದಂತೆ ನೋಡಿಕೊಂಡು, ಪಾರದರ್ಶಕ ಕವರಿನಲ್ಲಿ ಸಡಿಲವಾಗಿ ಇಟ್ಟರೆ ಸಾಕು.

ಡಿಜಿಲಾಕರ್‌ನಲ್ಲಿ ಎರಡು ಅರೆಗಳು

2015ರಲ್ಲಿ ಬಂದ ಡಿಜಿಲಾಕರ್‌ನ ಬಗ್ಗೆ ದೊಡ್ಡ ಗೊಂದಲವೆಂದರೆ ‘ಇಶ್ಯೂಡ್’ ಮತ್ತು ‘ಅಪ್‌ಲೋಡೆಡ್’ ದಾಖಲೆಗಳದು. ಇಲಾಖೆಯ ದತ್ತಾಂಶದಿಂದ ನೇರವಾಗಿ ಬಂದದ್ದು ಇಶ್ಯೂಡ್. 2016ರ ಡಿಜಿಟಲ್ ಲಾಕರ್ ನಿಯಮಗಳ 9ಎ ಪ್ರಕಾರ ಅದು ಮೂಲ ಕಾಗದಕ್ಕೆ ಸಮ. ನಾವೇ ಫೋಟೊ ತೆಗೆದು ಹಾಕಿದ್ದು ಅಪ್‌ಲೋಡೆಡ್. ಅದು ಜೆರಾಕ್ಸ್ ಪ್ರತಿ, ಲಾಕರ್‌ನಲ್ಲಿದೆ ಅಷ್ಟೇ.

ಇಲಾಖೆಯಿಂದ ತರಿಸಿಕೊಳ್ಳುವಾಗ ನೋಂದಣಿ ಸಂಖ್ಯೆ ಸರಿ ಇದ್ದರೂ ‘ಹೆಸರು ಹೊಂದಿಕೆಯಾಗುತ್ತಿಲ್ಲ’ ಎಂಬ ಉತ್ತರ ಬರುವುದುಂಟು. ಖಾತೆದಾರರ ಆಧಾರ್ ಹೆಸರಿಗೂ ದಾಖಲೆಯ ಹೆಸರಿಗೂ ತಾಳೆ ಬೀಳದಿದ್ದಾಗ ಹೀಗಾಗುತ್ತದೆ. ಮಗುವಿನ ಪತ್ರವನ್ನು ತಂದೆಯ ಖಾತೆಗೆ ಎಳೆಯಲು ಹೋದಾಗ, ಮಗುವಿನ ಹೆಸರಿನ ಕಾಲಮ್ ಇನ್ನೂ ಖಾಲಿ ಇರುವಾಗ, ಕಾಗುಣಿತ ಒಂದಕ್ಷರ ತಪ್ಪಿದಾಗ. ಹತ್ತು ಸಲ ಅದೇ ಗುಂಡಿ ಒತ್ತಿದರೆ ಸರಿಹೋಗುವ ದೋಷವಲ್ಲ ಇದು. ಪುಸ್ತಕವನ್ನೋ ಆಧಾರನ್ನೋ ತಿದ್ದಿಸಬೇಕು.

ಫೋನಿನ ವ್ಯಾಲೆಟ್ಟಿನಲ್ಲಿ, ಅಂದರೆ ದಾಖಲೆ ಇಡುವ ಆ್ಯಪಿನಲ್ಲಿ, ಇಟ್ಟುಕೊಳ್ಳುವ ಕ್ರೆಡೆನ್ಶಿಯಲ್‌ಗೆ ಇನ್ನೊಂದು ಅನುಕೂಲವಿದೆ: ಬೇಕಾದಷ್ಟನ್ನೇ ತೋರಿಸಬಹುದು. ಒಂದನೇ ತರಗತಿಗೆ ಸೇರಿಸುವವರಿಗೆ ಮಗುವಿನ ಹೆಸರು, ಹುಟ್ಟಿದ ದಿನ, ತಂದೆ-ತಾಯಿ ಸಾಕು, ಹುಟ್ಟಿದಾಗಿನ ವಿಳಾಸ ಏಕೆ? ಇದಕ್ಕಾಗಿ ನೀಡುವವರು ಪ್ರತಿ ಕಾಲಮ್ಮಿನ ಸಾರಸಂಖ್ಯೆಯನ್ನು ಬೇರೆ ಬೇರೆ ತೆಗೆದು, ಆ ಸಂಖ್ಯೆಗಳ ಪಟ್ಟಿಗೆ ಸಹಿ ಹಾಕುತ್ತಾರೆ. ತೋರಿಸುವವರು ತಮಗೆ ಬೇಕಾದ ಕಾಲಮ್ ಮಾತ್ರ ಬಿಚ್ಚುತ್ತಾರೆ. ಪ್ರತಿ ಕಾಲಮ್ಮಿಗೂ ಒಂದೊಂದು ಗುಟ್ಟಿನ ಯಾದೃಚ್ಛಿಕ ಸಂಖ್ಯೆ ಬೆರೆಸದಿದ್ದರೆ ಇದೆಲ್ಲ ವ್ಯರ್ಥ. 18 ವರ್ಷದೊಳಗಿನವರ ಹುಟ್ಟಿದ ದಿನ ಸುಮಾರು 6,570 ದಿನಗಳಲ್ಲಿ ಒಂದೇ ತಾನೇ? ಎಲ್ಲ ದಿನಗಳ ಸಾರಸಂಖ್ಯೆ ತೆಗೆದು ಹೋಲಿಸಿದರೆ ಮುಚ್ಚಿಟ್ಟ ದಿನ ಕ್ಷಣದಲ್ಲಿ ಹೊರಬೀಳುತ್ತದೆ.

ಆದರೂ ನಮ್ಮ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳ ಮಟ್ಟಿಗೆ ವ್ಯಾಲೆಟ್ಟಿಗಿಂತ, ಸಹಿ ಒಳಗಿರುವ ಕ್ಯೂಆರ್ ಅಚ್ಚಾದ ಕಾಗದವೇ ಮೇಲು. ಕೂಸಿಗೆ ಫೋನಿಲ್ಲ. ಮನೆಗೊಂದೇ ಫೋನು ಇರುವಲ್ಲಿ ಅದು ಪುಣೆಗೆ ದುಡಿಯಲು ಹೋದ ತಂದೆಯ ಜೇಬಿನಲ್ಲಿರುತ್ತದೆ, ಸಿಮ್ ವರ್ಷಕ್ಕೊಮ್ಮೆ ಬದಲಾಗುತ್ತದೆ. ಕಾಗದ ಅಜ್ಜಿಯ ಟ್ರಂಕಿನಲ್ಲಿದ್ದರೂ ಶಾಲೆಗೆ ಬರುತ್ತದೆ.

ಅಂಚಿನ ಬರಹ

ಪುಸ್ತಕ ತಿದ್ದುವ ಬಗ್ಗೆ 1969ರ ಕಾಯ್ದೆಯ 15ನೇ ಪ್ರಕರಣ ಹೇಳುವ ವಿಧಾನ ಇಂದಿನ ತಂತ್ರಜ್ಞರೂ ಮೆಚ್ಚುವಂಥದು. ಮೂಲ ನಮೂದನ್ನು ಅಳಿಸಕೂಡದು, ಬದಲಿಸಕೂಡದು. ಪುಟದ ಅಂಚಿನಲ್ಲಿ ತಿದ್ದುಪಡಿ ಬರೆದು, ಸಹಿ ಹಾಕಿ, ದಿನಾಂಕ ನಮೂದಿಸಬೇಕು. ಕೈತಪ್ಪಿನ ದೋಷವಾದರೆ ನೋಂದಣಾಧಿಕಾರಿ ವಿಚಾರಿಸಿ ತಿದ್ದುತ್ತಾರೆ. ತಿರುಳಿನಲ್ಲೇ ತಪ್ಪಿದ್ದರೆ ಸಂಬಂಧಪಟ್ಟವರ ಘೋಷಣೆಯ ಜತೆ ವಿಷಯ ಬಲ್ಲ ಇಬ್ಬರು ನಂಬಲರ್ಹ ವ್ಯಕ್ತಿಗಳ ಹೇಳಿಕೆಯೂ ಬೇಕು. ಡಿಜಿಟಲ್ ದಾಖಲೆಗೂ ಇದೇ ಶಿಸ್ತು ಬೇಕು: ಹಳೆಯ ಸಾಲಿನ ಮೇಲೆ ಹೊಸದನ್ನು ಬರೆಯುವುದಲ್ಲ, ಆವೃತ್ತಿ 1, ಆವೃತ್ತಿ 2 ಎಂದು ಜೋಡಿಸುತ್ತ ಹೋಗುವುದು.

ತಿದ್ದಿದ ಮೇಲೆ ಹಳೆಯ ಪಿಡಿಎಫ್‌ಗಳ ಗತಿ? ಅವುಗಳ ಸಹಿ ಇನ್ನೂ ಸರಿಯಾಗಿಯೇ ಪಾಸಾಗುತ್ತದೆ. ಹಾಗಾಗಿ ‘ಇದು ಇನ್ನೂ ಚಾಲ್ತಿಯಲ್ಲಿದೆಯೇ’ ಎಂದು ಕೇಳುವ ಬೇರೆ ದಾರಿ ಇರಬೇಕು. ಪ್ರತಿ ಸಲ ಇಲಾಖೆಯ ಸರ್ವರನ್ನು ಕೇಳುವುದು ಒಂದು ದಾರಿ. ಆಗ ಯಾವ ಮಗುವಿನ ಪತ್ರ ಯಾವತ್ತು ಎಲ್ಲಿ ತೋರಿಸಲ್ಪಟ್ಟಿತು ಎಂಬುದೆಲ್ಲ ಸರ್ವರ್‌ಗೆ ತಿಳಿಯುತ್ತದೆ, ನೆಟ್‌ವರ್ಕ್ ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ. ಡಬ್ಲ್ಯು3ಸಿ ಸೂಚಿಸುವ ಇನ್ನೊಂದು ದಾರಿ ಸ್ಥಿತಿ ಪಟ್ಟಿ: ಪ್ರತಿ ಪ್ರಮಾಣಪತ್ರಕ್ಕೆ ಒಂದು ಬಿಟ್, ಚಾಲ್ತಿಯಲ್ಲಿದ್ದರೆ 0, ರದ್ದಾಗಿದ್ದರೆ 1. ಒಂದು ಪಟ್ಟಿಯಲ್ಲಿ ಕನಿಷ್ಠ 1,31,072 ಬಿಟ್, ಅಂದರೆ 16 ಕಿಲೋಬೈಟ್. ಬಹುಪಾಲು ಸೊನ್ನೆಗಳೇ ಆದ್ದರಿಂದ ಕುಗ್ಗಿಸಿದರೆ ಬಹಳ ಚಿಕ್ಕದಾಗುತ್ತದೆ. ಶಾಲೆಯ ಫೋನು ಸಿಗ್ನಲ್ ಸಿಕ್ಕಾಗ ಇಡೀ ಪಟ್ಟಿಯನ್ನು ಇಳಿಸಿಕೊಂಡರೆ ಯಾವ ಸಾಲನ್ನು ನೋಡಿತು ಎಂಬುದು ಯಾರಿಗೂ ಗೊತ್ತಾಗದು.

ತಿದ್ದಿಸಬೇಕಾದ್ದು ಯಾವುದು, ಬೇಡದ್ದು ಯಾವುದು ಎಂಬ ವಿವೇಕವೂ ಬೇಕು. 1995ರಲ್ಲಿ ಶಹಾಪುರದಲ್ಲಿ ಹುಟ್ಟಿದವರ ಪತ್ರದಲ್ಲಿ ಜಿಲ್ಲೆ ಗುಲ್ಬರ್ಗಾ ಎಂದೇ ಇರುತ್ತದೆ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರಿನಲ್ಲಿ, ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾದದ್ದು 2014ರ ನವೆಂಬರ್ 1ರಂದು. ಅದು ತಪ್ಪಲ್ಲ, ಆ ದಿನದ ಸತ್ಯ. ಹುಲಸೂರು, ಚಿಟಗುಪ್ಪ, ಕಾಳಗಿ, ಯಡ್ರಾಮಿ, ಹುಣಸಗಿ, ವಡಗೇರಾ ತಾಲ್ಲೂಕುಗಳಾಗುವ ಮುನ್ನಿನ ದಾಖಲೆಗಳಿಗೂ ಇದೇ ಅನ್ವಯ. ಒಳ್ಳೆಯ ವ್ಯವಸ್ಥೆ ಪುಸ್ತಕದಲ್ಲಿದ್ದ ಹೆಸರನ್ನು ಹಾಗೇ ಉಳಿಸಿ, ಪಕ್ಕದಲ್ಲಿ ಕೇಂದ್ರದ ಸ್ಥಳೀಯ ಸರ್ಕಾರ ಡೈರೆಕ್ಟರಿಯ ಊರಿನ ಸಂಕೇತ ಸಂಖ್ಯೆಯನ್ನು ಸೇರಿಸುತ್ತದೆ. ಸೋಲಾಪುರದಲ್ಲಿ ಹುಟ್ಟಿದ ಆಳಂದದ ಮಗುವಿನ ಪತ್ರದಲ್ಲಿ ಜನ್ಮಸ್ಥಳ ಬದಲಿಸಲು ಓಡಾಡುವವರೂ ಇದ್ದಾರೆ, ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕಕ್ಕಿರುವ ಮೀಸಲಾತಿ ತಪ್ಪೀತು ಎಂಬ ಭಯದಿಂದ. ಆ ಅರ್ಹತಾ ಪ್ರಮಾಣಪತ್ರ ಬೇರೆಯದೇ. ಉಪವಿಭಾಗಾಧಿಕಾರಿ ಕೊಡುತ್ತಾರೆ, ವಾಸವೂ ಅಲ್ಲಿ ಆಧಾರವಾಗುತ್ತದೆ. ಇಲ್ಲದ ಊರಿನಲ್ಲಿ ಇನ್ನೊಂದು ಜನನ ನೋಂದಣಿ ಮಾಡಿಸಿದರೆ ಸುಳ್ಳು ಮಾಹಿತಿ ಕೊಟ್ಟ ಅಪರಾಧವಾಗುತ್ತದೆ, ಎರಡು ದಾಖಲೆಗಳು ಒಂದನ್ನೊಂದು ಕೊಲ್ಲುತ್ತವೆ.

ತಂದೆಯ ಹೆಸರಿನ ಕಾಲಮ್ ಬಗ್ಗೆ ಒಂದು ಮಾತು. ತಿದ್ದುಪಡಿಯಾದ ಕಾಯ್ದೆ ಒಂಟಿ ಪೋಷಕರ, ಅವಿವಾಹಿತ ತಾಯಿಯ ಮಗುವಿನ ಜನನವನ್ನು ಆ ಪೋಷಕರೇ ವರದಿ ಮಾಡಲು ಅವಕಾಶ ಕೊಟ್ಟಿದೆ. ತಂತ್ರಾಂಶ ಆ ಕಾಲಮ್ಮನ್ನು ಕಡ್ಡಾಯ ಮಾಡಿಟ್ಟರೆ ಆಪರೇಟರು ಚುಕ್ಕೆ ಹಾಕುತ್ತಾನೆ, ಇಲ್ಲವೇ ಅಜ್ಜನ ಹೆಸರು ತುಂಬುತ್ತಾನೆ. ಮಾಜಿ ದೇವದಾಸಿಯರ ಮಕ್ಕಳಿರುವ ನಮ್ಮ ಭಾಗದಲ್ಲಿ ಇದು ಸಣ್ಣ ವಿಷಯವಲ್ಲ. ಖಾಲಿ ಇರಬಹುದಾದ ಕಾಲಮ್ಮನ್ನು ಖಾಲಿಯಾಗಿ ಬಿಡುವ ಸೌಲಭ್ಯ ನಮೂನೆಯಲ್ಲೇ ಇರಬೇಕು.

ಒಂದೇ ಹೆಸರು, ಬೇರೆ ಬೈಟು

‘ಗೋದಾವರಿ’ಯ ‘ಗೋ’ದಲ್ಲಿರುವ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘದ ಗುರುತು ಎಂಬ ಮೂರು ತುಂಡುಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟುಗಳು ಬೇರೆ, ಹಾಗಾಗಿ ಸಾರಸಂಖ್ಯೆಯೂ ಬೇರೆ. ಒಂದು ತಂತ್ರಾಂಶ ಸಹಿ ಹಾಕುವಾಗ ಒಂದು ರೂಪ ಬಳಸಿ, ಇನ್ನೊಂದು ಪರಿಶೀಲಿಸುವಾಗ ಮತ್ತೊಂದಕ್ಕೆ ಬದಲಿಸಿದರೆ ಖರೆ ದಾಖಲೆಯೂ ಖೋಟಾ ಎನಿಸುತ್ತದೆ. ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳೂ ಇದೇ ಕಾಟ ಕೊಡುತ್ತವೆ. ಸಹಿಗೆ ಮುಂಚೆ ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತರಬೇಕು, ಹೆಸರಿನ ಕೊನೆಯ ಖಾಲಿ ಜಾಗ ತೆಗೆಯಬೇಕು, ದಿನಾಂಕವನ್ನು ವರ್ಷ-ತಿಂಗಳು-ದಿನ ಕ್ರಮದಲ್ಲೇ ಇಡಬೇಕು. ಹಳೆಯ ‘ನುಡಿ’ ತಂತ್ರಾಂಶದ ಲಿಪಿಯಲ್ಲಿ ಟೈಪ್ ಮಾಡಿದ ದತ್ತಾಂಶ ಯೂನಿಕೋಡಿಗೆ ಬರುವಾಗ ಮೊದಲು ಎಡವುವುದು ಅರ್ಕಾವತ್ತು. ಅಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು. ಸೂರ್ಯಕಾಂತ, ಧರ್ಮಣ್ಣ ಎಂಬ ಹೆಸರುಗಳನ್ನು ಪರಿವರ್ತನೆಯ ನಂತರ ಕಣ್ಣಾರೆ ನೋಡದೆ ಸಹಿಗೆ ಕಳಿಸಬಾರದು.

ಕೀಲಿ ಯಾರ ಕೈಯಲ್ಲಿ

ಅತ್ಯಂತ ಕೆಟ್ಟ ಖೋಟಾ ಎಂದರೆ ಅಸಲಿ ಸಹಿಯ ಖೋಟಾ. ಅಧಿಕಾರಿಯ ಟೋಕನ್ ಹಗಲಿಡೀ ಆಪರೇಟರಿನ ಕಂಪ್ಯೂಟರಿಗೆ ಚುಚ್ಚಿದ್ದು, ಪಿನ್ ಮಾನಿಟರಿನ ಅಂಚಿಗೆ ಅಂಟಿಸಿದ್ದರೆ, ಅಥವಾ ಲಾಗಿನ್ ಕಳುವಾದರೆ, ಹುಟ್ಟದ ಮಗುವಿಗೂ ಪತ್ರ ಹುಟ್ಟುತ್ತದೆ. ಯಾವ ಪರಿಶೀಲನೆಯಲ್ಲೂ ಅದು ಪಾಸು, ಏಕೆಂದರೆ ಪುಸ್ತಕದಲ್ಲೇ ಸಾಲಿದೆ. ಹಿಡಿಯುವ ದಾರಿ ಲೆಕ್ಕ ನೋಡುವುದೊಂದೇ: ಒಂದು ಘಟಕದಲ್ಲಿ ಹೆರಿಗೆಗಳಿಗಿಂತ ನೋಂದಣಿ ಹೆಚ್ಚಾಗಿದೆಯೇ, ರಾತ್ರಿ ಎರಡಕ್ಕೆ ಸಾಲುಸಾಲು ನಮೂದಾಗಿವೆಯೇ, ವಿಳಂಬ ನೋಂದಣಿಗೆ ಆದೇಶದ ಸಂಖ್ಯೆ ಇದೆಯೇ. ಟೋಕನ್ ಕಳೆದ ದಿನವೇ ಸರ್ಟಿಫಿಕೇಟ್ ರದ್ದು ಮಾಡಿಸಬೇಕು.

ಇನ್ನೊಂದು ಮರೆಯುವ ಸಂಗತಿ ಅವಧಿ. ಅಧಿಕಾರಿಯ ಸಹಿ ಸರ್ಟಿಫಿಕೇಟಿನ ಆಯುಸ್ಸು ಒಂದರಿಂದ ಮೂರು ವರ್ಷ, ಜನನ ಪತ್ರ ಬೇಕಾಗುವುದು ಆಜೀವ. ಸಹಿ ಹಾಕಿದ ಹೊತ್ತಿಗೆ ಕೀಲಿ ಚಾಲ್ತಿಯಲ್ಲಿತ್ತು ಎಂದು ತೋರಿಸುವ ವಿಶ್ವಾಸಾರ್ಹ ಸಮಯಮುದ್ರೆ ಫೈಲಿನೊಳಗೆ ಇಲ್ಲದಿದ್ದರೆ ಕೆಲ ವರ್ಷದ ಮೇಲೆ ಅದೇ ಪಿಡಿಎಫ್ ಮೇಲೆ ತಕರಾರು ಬರುತ್ತದೆ. ಆಗ ಹೊಸ ಪ್ರತಿ ತೆಗೆಯುವುದೇ ಸರಳ. ಪುಸ್ತಕ ಇರುವ ತನಕ ಪತ್ರಕ್ಕೆ ಬರವಿಲ್ಲ.

ಮರಣ ಪತ್ರ

ಮೇಲಿನದೆಲ್ಲ ನಮೂನೆ 6ರ ಮರಣ ಪ್ರಮಾಣಪತ್ರಕ್ಕೂ ಸಲ್ಲುತ್ತದೆ, ಒಂದು ವ್ಯತ್ಯಾಸದೊಂದಿಗೆ. ಸಾವಿನ ಕಾರಣವನ್ನು ಉತಾರದಲ್ಲಿ ತೋರಿಸಬಾರದು ಎಂದು 17ನೇ ಪ್ರಕರಣ ಹೇಳುತ್ತದೆ. ಕಾರಣ ವೈದ್ಯರು ತುಂಬುವ ನಮೂನೆ 4ರಲ್ಲಿರುತ್ತದೆ. ವಿಮೆಯವರು ಕಾರಣ ಕೇಳಿದರೆ ಮರಣ ಪತ್ರ ತಿರುವಿ ಹಾಕಿ ಪ್ರಯೋಜನವಿಲ್ಲ, ಆ ವೈದ್ಯಕೀಯ ಪ್ರಮಾಣಪತ್ರದ ಪ್ರತಿ ಕೊಡಬೇಕು.

ಹಳ್ಳಿಗಳಲ್ಲಿ ಮರಣ ಪತ್ರ ಹೆಚ್ಚಾಗಿ ಬೇಕಾಗುವುದು ಪೌತಿ ಖಾತೆಗೆ. ಅಲ್ಲಿ ಮೃತರ ಹೆಸರು ಪಹಣಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇರುವುದು ಮಾಮೂಲು. ಪಹಣಿಗೆ ಹೊಂದಲಿ ಎಂದು ಮರಣದ ಪುಸ್ತಕವನ್ನೇ ತಿದ್ದಿಸಲು ಹೋಗುವವರಿದ್ದಾರೆ. ಹಾಗೆ ಮಾಡಿದರೆ ಬ್ಯಾಂಕು, ಪಿಂಚಣಿ, ವಿಮೆ ಮೂರರಲ್ಲೂ ಹೆಸರು ತಪ್ಪುತ್ತದೆ. ಪಹಣಿಯ ಹೆಸರು ತಪ್ಪಿದ್ದರೆ ತಹಶೀಲ್ದಾರ್ ಕಚೇರಿಯಲ್ಲಿ ಪಹಣಿ ತಿದ್ದುಪಡಿಗೇ ಅರ್ಜಿ ಹಾಕಿ, ಅದರ ಜತೆ ಮರಣ ಪತ್ರದ ಮೂಲ ಪಿಡಿಎಫ್ ಅನ್ನು ಕುಗ್ಗಿಸದೆ ಕೊಡಬೇಕು.